ಕೋಲ್ಮನ್ ಸಾಹೇಬರು ಮತ್ತು ಬೇವಿನ ಯೂರಿಯಾ

ಮಧುಗಿರಿ, ಶಿರಾ, ಪಾವಗಡ ಕಡೆಯ ಗೆಳೆಯರು ಯೂರಿಯಾ ಚೀಲದ ಮೇಲೆ 'ಬೇವು ಲೇಪಿತ' ಅಂತ ಬರೆದಿರೋದನ್ನ ನೋಡೇ ಇರ್ತಾರೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಗೆಲ್ಲ ಬೇವಿನೆಣ್ಣೆ ಸವರುವುದು ಕಡ್ಡಾಯ. ಯಾಕೆ ಅಂದರೆ, ನಾವು ಲೆಸ್ಲಿ ಕೋಲ್ಮನ್ ಅವರಿಂದ ಶುರು ಮಾಡಬೇಕು.

1878ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದ ಕೋಲ್ಮನ್ ಜರ್ಮನಿಯ ಗಾಟಿಂಗೆನ್‌ನಲ್ಲಿ ಸಂಶೋಧನೆ ಮಾಡಿದರು. ವಿಷಯ ನೈಟ್ರೀಕರಣ, ಅಂದ್ರೆ ಮಣ್ಣಿನ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಕೆಲಸ. ಅಮೋನಿಯಂಗೆ ಧನ ಆವೇಶ, ಜೇಡಿಗೆ ಋಣ ಆವೇಶ, ಹಾಗಾಗಿ ಎರಡೂ ಅಂಟಿಕೊಳ್ಳುತ್ವೆ. ನೈಟ್ರೇಟ್‌ದೂ ಋಣ ಆವೇಶವೇ, ಅದು ನೀರಿನ ಜೊತೆ ಇಳಿದು ಹೋಗುತ್ತೆ. ಪಾವಗಡದ ಮರಳು ಮಿಶ್ರಿತ ಕೆಂಪು ಮಣ್ಣಲ್ಲಿ ಒಂದು ಜೋರು ಮಳೆ ಸಾಕು, ದುಡ್ಡು ಕೊಟ್ಟು ತಂದ ಗೊಬ್ಬರ ಬೇರಿಗೆ ಸಿಗದಷ್ಟು ಕೆಳಗೆ. ಬೇವು ಆ ಬ್ಯಾಕ್ಟೀರಿಯಾದ ಕೈ ಸ್ವಲ್ಪ ದಿನ ಕಟ್ಟಿಹಾಕುತ್ತೆ, ಅಷ್ಟೇ.

1908ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಆಗ ಮಲೆನಾಡಿನ ಅಡಿಕೆಗೆ ಕೊಳೆರೋಗ. ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದರು. ಕೋಲ್ಮನ್ ರೋಗದ ಮೂಲ ಒಂದು ಫೈಟಾಫ್ತೊರಾ ಶಿಲೀಂಧ್ರ ಅಂತ ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿದರು. ಆ ಮಳೆಗೆ ಔಷಧಿ ನಿಲ್ಲಬೇಕಲ್ಲ? ಅದಕ್ಕೆ ರಾಳ, ಸೋಡಾ ಬೆರೆಸಿ ಅಂಟುವ ಹಾಗೆ ಮಾಡಿದರು. ನಮಗಂತೂ ಇದು ಒಳ್ಳೆ ಎಂಜಿನಿಯರಿಂಗ್ ಅನಿಸುತ್ತೆ. ಕೊರಟಗೆರೆಯಲ್ಲಿ ತೋಟ ಇರುವವರಿಗೆ ಬೋರ್ಡೋ ಹೆಸರು ಇವತ್ತಿಗೂ ಗೊತ್ತು.

1913ರಲ್ಲಿ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, ರಾಗಿ ತಳಿ ಕೆಲಸವೂ ಶುರು. 1918ರಲ್ಲಿ ಎಚ್ 22 ರಾಗಿ ಹೊರಬಂತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಎರಡರ ಹಿಂದೆಯೂ ಅವರಿದ್ದರು. 1954ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಬೇವು ಸವರಿದ ಯೂರಿಯಾದ ಪರೀಕ್ಷೆ ನಡೆದದ್ದು ಆಮೇಲೆ, 1970ರ ದಶಕದಲ್ಲಿ, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ.

ಊರಿಗೆ ಹೋದಾಗ ಮನೇಲಿ ಹೇಳಬೇಕಾದ್ದು ಒಂದಿದೆ. ಬೇವಿನ ಲೇಪನ ಪಾಲಿಮರ್ ಕವಚದಂತೆ ಯೂರಿಯಾ ಕಾಳನ್ನು ಮುಚ್ಚಿಡೋದಿಲ್ಲ. ಕೂರಿಗೆಯಲ್ಲಿ ಬೀಜದ ಜೊತೆಗೇ ಬಿಟ್ಟರೆ ಅಮೋನಿಯಾ ಮೊಳಕೆಯನ್ನು ಸುಡುತ್ತೆ. ರಾಗಿ ಪೈರು ನಿಂತ ಮೇಲೆ, ಮಣ್ಣಲ್ಲಿ ಹದ ಇದ್ದಾಗ, ಮೇಲುಗೊಬ್ಬರವಾಗಿ ಕೊಡಲಿ. ಶೇಂಗಾಗಂತೂ ಬೇರಿನ ಗಂಟುಗಳೇ ಬಹುಪಾಲು ಸಾರಜನಕ ಒದಗಿಸುತ್ವೆ.