ಮೂರು ನಿಮಿಷಗಳ ಕಿರಾನಾ

ಕೆಲವು ವಾರಗಳಿಂದ ನಾನು ಬೇರಾವ ಸಂಗೀತವನ್ನೂ ಹೆಚ್ಚಾಗಿ ಕೇಳುತ್ತಿಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನರ ಹಳೆಯ ಧ್ವನಿಮುದ್ರಿಕೆಗಳೇ ದಿನವೂ ಕಿವಿಯಲ್ಲಿವೆ. ಝಿಂಝೋಟಿಯ ಠುಮ್ರಿ, ಬಸಂತ್, ಶುದ್ಧ ಕಲ್ಯಾಣ್, ಜೋಗಿಯಾ, ಭೈರವಿ. ಒಂದೊಂದೂ ಮೂರು, ಮೂರೂವರೆ ನಿಮಿಷ. ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದೇ ಅಷ್ಟು. ಗಂಟೆಗಟ್ಟಲೆ ರಾಗ ಬೆಳೆಸುವ ಖಯಾಲ್ ಗಾಯಕನಿಗೆ ಆ ಅವಧಿ ತಂಬೂರಿ ಶ್ರುತಿ ಮಾಡಿಕೊಳ್ಳಲೂ ಸಾಲದು. ಆದರೂ ಈ ತುಣುಕುಗಳಲ್ಲಿ ಅವಸರದ ಸುಳಿವಿಲ್ಲ. ಅದು ಹೇಗೆ ಸಾಧ್ಯವಾಯಿತೆಂಬ ಕುತೂಹಲವೇ ನನ್ನನ್ನು ಅವರ ಬದುಕಿನತ್ತ ಕರೆದೊಯ್ದಿತು.

ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಅವರ ಘರಾಣೆಗೆ ಕಿರಾನಾ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಹಾಡುವವರಷ್ಟೇ ಸಾರಂಗಿ, ಬೀನ್ ನುಡಿಸುವವರೂ ಇದ್ದ ಮನೆತನ ಅದು. ಖಾನರಿಗೂ ಆ ವಾದ್ಯಗಳು ಬರುತ್ತಿದ್ದವು. ಒಂದು ಸ್ವರದಿಂದ ಇನ್ನೊಂದಕ್ಕೆ ಎಲ್ಲಿಯೂ ಕಡಿಯದಂತೆ ಜಾರುವ ಅವರ ಕಂಠದ ನಡಿಗೆಯಲ್ಲಿ ತಂತಿವಾದ್ಯದ ಈ ನಂಟು ಸ್ಪಷ್ಟವಾಗಿ ಕೇಳಿಸುತ್ತದೆ.

ಯೌವನದಲ್ಲಿ ಅವರು ಸಹೋದರನೊಂದಿಗೆ ಬರೋಡಾ ಸಂಸ್ಥಾನದ ಆಶ್ರಯ ಪಡೆದರು. ಅಲ್ಲಿ ಸರದಾರ್ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಪಾಠ ಹೇಳಿದರು. ಗುರು ಶಿಷ್ಯೆಯರ ನಡುವೆ ಪ್ರೇಮ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳವು. ಮುಸ್ಲಿಂ ಗಾಯಕ ಹಾಗೂ ಮರಾಠಾ ಸರದಾರನ ಮಗಳ ಸಂಬಂಧವನ್ನು ಒಪ್ಪುವ ಸಮಾಜ ಇರಲಿಲ್ಲ. ಇಬ್ಬರೂ ಬರೋಡಾ ಬಿಟ್ಟರು, ಮುಂಬಯಿ ಸೇರಿದರು, ಮುಂದೆ ಮೀರಜಿನಲ್ಲಿ ನೆಲೆಸಿದರು. ತಂಬೂರಿ ತಯಾರಿಕೆಗೆ ಹೆಸರಾದ ಆ ಊರು ಶ್ರುತಿಯ ವಿಷಯದಲ್ಲಿ ರಾಜಿಯಿಲ್ಲದ ಈ ಗಾಯಕನಿಗೆ ತಕ್ಕ ನೆಲೆಯೂ ಆಯಿತು.

ಖಾನರ ಧ್ವನಿ ಮೊದಲು ತಟ್ಟೆಗಿಳಿದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಆಗ ಮೈಕ್ ಇರಲಿಲ್ಲ. ಕಹಳೆಯಂಥ ಕೊಳವೆಗೆ ಬಾಯಿಕೊಟ್ಟು ಹಾಡಬೇಕಿತ್ತು. ಆ ಮುದ್ರಿಕೆಗಳಲ್ಲಿರುವುದು ಮಿಂಚಿನ ವೇಗದ ತಾನುಗಳ ತರುಣ. ನಾನು ಈಗ ಕೇಳುತ್ತಿರುವ ಓಡಿಯನ್ ಕಂಪನಿಯ ತಟ್ಟೆಗಳಾದರೋ 1930ರ ದಶಕದ ನಡುವಿನವು. ಗಾಯಕನಿಗೆ ಅರವತ್ತು ದಾಟಿದೆ. ಮೆಲುದನಿಯನ್ನೂ ಹಿಡಿಯಬಲ್ಲ ಮೈಕ್ ಬಂದಿದೆ. ಎರಡು ಕಾಲದ ಮುದ್ರಿಕೆಗಳನ್ನು ಒಂದರ ಬೆನ್ನಿಗೊಂದು ಕೇಳಿದರೆ ಒಬ್ಬ ಕಲಾವಿದ ಏನನ್ನು ಕೈಬಿಟ್ಟ ಎಂಬುದು ತಿಳಿಯುತ್ತದೆ. ಗ್ವಾಲಿಯರ್ ಪರಂಪರೆಯ ರಹಮತ್ ಖಾನರ ಗಾಯನ ಅವರ ಮೇಲೆ ಬೀರಿದ ಪ್ರಭಾವವನ್ನು ಬಲ್ಲವರು ಗುರುತಿಸಿದ್ದಾರೆ. ಚಮತ್ಕಾರ ಉದುರಿಹೋಗಿ ಸ್ವರವೊಂದೇ ಉಳಿಯಿತು. ಮೂರು ನಿಮಿಷದಲ್ಲಿ ಅವಸರ ಕಾಣದಿರುವುದಕ್ಕೆ ನನಗೆ ತೋಚುವ ಕಾರಣವೂ ಇದೇ: ಅವರು ಇಡೀ ರಾಗವನ್ನು ತಟ್ಟೆಗೆ ತುರುಕಲು ಹೋಗಲಿಲ್ಲ, ಅದರ ಭಾವವೊಂದನ್ನು ಆರಿಸಿ ಅಲ್ಲಿಯೇ ನಿಂತರು.

1913ರಲ್ಲಿ ಪುಣೆಯಲ್ಲಿ ಅವರು ಆರ್ಯ ಸಂಗೀತ ವಿದ್ಯಾಲಯ ತೆರೆದರು. ಘರಾಣೆಯ ವಿದ್ಯೆಯನ್ನು ರಕ್ತಸಂಬಂಧಿಗಳಿಗಷ್ಟೇ ಕಾದಿಡುತ್ತಿದ್ದ ಕಾಲದಲ್ಲಿ ಹೊರಗಿನ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಶ್ರುತಿಗಳ ಸೂಕ್ಷ್ಮ ಅಂತರಗಳನ್ನು ಅಳೆಯಲು ಹೊರಟಿದ್ದ ಕೃಷ್ಣಾಜಿ ಬಲ್ಲಾಳ ದೇವಲರ ಸಂಶೋಧನೆಗೆ ತಮ್ಮ ಕಂಠದ ನೆರವು ನೀಡಿದರು.

ದಕ್ಷಿಣದ ಸಂಗೀತವನ್ನು ಕೀಳೆಣಿಸುವ ಉತ್ತರದವರು, ಉತ್ತರದ್ದನ್ನು ಲಘುವೆನ್ನುವ ದಕ್ಷಿಣದವರು ಇಂದಿಗೂ ಇದ್ದಾರೆ. ಮೈಸೂರು ಅರಮನೆಯ ಕಛೇರಿಗಳ ಮೂಲಕ ಕರ್ನಾಟಕ ಸಂಗೀತದ ವಿದ್ವಾಂಸರ ಸಂಪರ್ಕಕ್ಕೆ ಬಂದ ಖಾನರು ಮಾತ್ರ ವಿದ್ಯಾರ್ಥಿಯಂತೆ ಕಿವಿಗೊಟ್ಟರು. ಅಲ್ಲಿನ ಸ್ವರಪ್ರಸ್ತಾರವನ್ನು ತಮ್ಮ ಸರಗಮ್‌ಗೆ ಒಗ್ಗಿಸಿಕೊಂಡರು, ಆಭೋಗಿಯನ್ನು ಹಾಡಿದರು, ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಸಿದರು. ತೆಲುಗಿನ ಉಚ್ಚಾರ ಉತ್ತರದ್ದೇ. ಆದರೆ ಆ ಕೃತಿಯ ಮುಂದೆ ಅವರು ತೋರುವ ವಿನಯ ಪ್ರತಿ ಸಲವೂ ನನ್ನನ್ನು ಕಲಕುತ್ತದೆ.

ನಮ್ಮ ನೆಲ ಅವರಿಗೆ ಪಟ್ಟಿರುವ ಋಣ ದೊಡ್ಡದು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಆ ಸವಾಯಿ ಗಂಧರ್ವರ ಶಿಷ್ಯರು. ಧಾರವಾಡದಲ್ಲಿ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಅದನ್ನು ಕೇಳಲು ಖಾನರು ಅವರ ಮನೆಗೆ ಬರುತ್ತಿದ್ದರು. ಗದುಗಿನ ಬಾಲಕ ಭೀಮಸೇನ ಗುರುವನ್ನು ಅರಸಿ ಮನೆ ಬಿಟ್ಟದ್ದಕ್ಕೆ, ಖಾನರ ಅದೇ ಝಿಂಝೋಟಿಯ ತಟ್ಟೆ ಕಿವಿಗೆ ಬಿದ್ದದ್ದೇ ಪ್ರೇರಣೆ. ಮೂರು ನಿಮಿಷ ಒಂದು ಬದುಕಿನ ದಿಕ್ಕನ್ನೇ ಬದಲಿಸಿತು.

ಇಷ್ಟೆಲ್ಲ ಗಡಿಗಳನ್ನು ದಾಟಿದ ಮನುಷ್ಯನ ಮನೆ ಮಾತ್ರ ಉಳಿಯಲಿಲ್ಲ. 1920ರ ಆಸುಪಾಸಿನಲ್ಲಿ ತಾರಾಬಾಯಿ ಐವರು ಮಕ್ಕಳೊಂದಿಗೆ ಅವರಿಂದ ದೂರವಾದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದ. ಚಂಪಾಕಲಿ ಹೀರಾಬಾಯಿ ಬಡೋದೇಕರ್, ಸಕೀನಾ ಸರಸ್ವತಿ ರಾಣೆ ಎಂದು ಹೆಸರಾದರು. ದೋಷ ಯಾರದೆಂದು ತೀರ್ಮಾನಿಸುವ ಅಧಿಕಾರ ಕೇಳುಗನಿಗಿಲ್ಲ. ಒಬ್ಬಳೇ ಹೆಣ್ಣುಮಗಳು ಐವರು ಮಕ್ಕಳನ್ನು ಸಂಗೀತದ ಬಲದಿಂದಲೇ ಬೆಳೆಸಿ ನಿಲ್ಲಿಸಿದ್ದು ಸಾಮಾನ್ಯ ಸಾಹಸವಲ್ಲ ಎಂದಷ್ಟೇ ಹೇಳಬಹುದು. ಖಾನರ ಭೈರವಿಯ ಹಿಂದೆಯೇ ಹೀರಾಬಾಯಿಯವರದೊಂದು ತಟ್ಟೆ ಹಾಕಿ ನೋಡಿ. ಹೀರಾಬಾಯಿಯವರಿಗೆ ಹೆಚ್ಚಿನ ಪಾಠ ದೊರೆತದ್ದು ಅದೇ ಘರಾಣೆಯ ಅಬ್ದುಲ್ ವಹೀದ್ ಖಾನರಿಂದ. ಆದರೂ ತಾರಸ್ಥಾಯಿಯ ಷಡ್ಜದ ಮೇಲೆ ದನಿ ನಿಲ್ಲುವಾಗ, ಕಾಗದಪತ್ರಗಳಲ್ಲಿ ಅಳಿಸಿಹೋದ ತಂದೆಯ ಹೆಸರು ನನಗೆ ಅಲ್ಲಿ ಕೇಳಿಸುತ್ತದೆ.

1937ರ ಅಕ್ಟೋಬರ್‌ನಲ್ಲಿ ಮದರಾಸಿನಿಂದ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಹೊರಟಿದ್ದ ಖಾನರಿಗೆ ರೈಲಿನಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣ ಬಿಟ್ಟರೆಂದು ಶಿಷ್ಯಪರಂಪರೆ ಹೇಳಿಕೊಂಡು ಬಂದಿದೆ. ಅವರ ಸಮಾಧಿ ಮೀರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿದೆ. ಅಲ್ಲಿನ ಉರುಸಿನಲ್ಲಿ ಅವರ ನೆನಪಿಗೆ ಹಾಡುವವರಲ್ಲಿ ಹಿಂದೂಗಳೆಷ್ಟು, ಮುಸಲ್ಮಾನರೆಷ್ಟು ಎಂದು ಎಣಿಸುವ ರೂಢಿ ಆ ಅಂಗಳಕ್ಕೆ ಬಂದಿಲ್ಲ.

ಸಾವಿರಾರು ಗಂಟೆಗಳ ಸಂಗೀತ ಇಂದು ನಮ್ಮ ಜೇಬಿನಲ್ಲಿದೆ. ಒಂದು ರಾಗ ಮುಗಿಯುವ ಮೊದಲೇ ಬೆರಳು ಮುಂದಿನದಕ್ಕೆ ಹಾರುತ್ತದೆ. ಓದುಗರಲ್ಲಿ ನನ್ನದೊಂದೇ ಕೋರಿಕೆ: ಬೇರೇನೂ ಮಾಡದೆ ಖಾನರ ಒಂದು ತಟ್ಟೆಯನ್ನು ಪೂರ್ತಿ ಕೇಳಿ. ಮೂರೇ ನಿಮಿಷ ಸಾಕು.