ಕೊಳಲಿಗೆ ಹಾಡು ಕಲಿಸಿದ ಮಾಲಿ

ಜಯನಗರ, ಬನಶಂಕರಿ ಕಡೆ ಸಂಜೆ ಕರ್ನಾಟಕ ಶೈಲಿಯ ಕೊಳಲು ಪಾಠಕ್ಕೆ ಹೋಗೋ ಮಕ್ಕಳು ಬೆರಳಿಡುವ ರೀತಿಯ ಹಿಂದೆ ಟಿ.ಆರ್. ಮಹಾಲಿಂಗಂ ಇದ್ದಾರೆ. ರಸಿಕರಿಗೆ ಅವರು ಬರೀ ಮಾಲಿ. ಹುಟ್ಟಿದ್ದು 1926ರಲ್ಲಿ, ತಂಜಾವೂರು ಸೀಮೆಯ ತಿರುವಿಡೈಮರುದೂರಿನಲ್ಲಿ. ಹಾಡು ಕಲಿಯಲು ಕಳಿಸಿದರೆ ಹುಡುಗ ಕೊಳಲು ಹಿಡಿದ. ಕಿವಿಗೆ ಬಿದ್ದಿದ್ದನ್ನೆಲ್ಲ ನುಡಿಸಿದ. ಏಳನೇ ವಯಸ್ಸಿಗೇ ಮೈಲಾಪುರದಲ್ಲಿ ಕಚೇರಿ!

ಆಗ ಕೊಳಲಲ್ಲಿ ಸ್ವರಗಳು ಬಿಡಿಬಿಡಿಯಾಗಿ ಬರೋವು, ಗಮಕವೇ ಕಷ್ಟ. ಮಾಲಿ ಬೆರಳ ತುದಿ ಬಿಟ್ಟು ಮೆತ್ತನೆ ಭಾಗದಿಂದ ರಂಧ್ರ ಮುಚ್ಚಿದರು. ಅರ್ಧ, ಕಾಲು ತೆರೆಯುತ್ತಾ, ತುಟಿ, ಉಸಿರನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡರು. ಗಾಯಕರ ಹಾಗೆ ಸ್ವರದಿಂದ ಸ್ವರಕ್ಕೆ ಜಾರೋದು ಸಾಧ್ಯವಾಯ್ತು.

ಮನಸ್ಸಿಲ್ಲದಿದ್ದರೆ ಮಾತ್ರ ಕಚೇರಿ ಅರ್ಧಕ್ಕೇ ಎದ್ದು ಹೋಗೋರು. ಕಾದು ಕೂತವರ ಪಾಡು ಅಷ್ಟೇ. 1986ರಲ್ಲಿ ಪದ್ಮ ಪ್ರಶಸ್ತಿಯನ್ನೂ ಬೇಡ ಅಂದರು. ಅದೇ ವರ್ಷ ಮೇ 31ರಂದು ತೀರಿಕೊಂಡರು.