ಕಾದಂಬರಿಕಾರ ಗಳಗನಾಥರು

ವಿಜಯಪುರದ ಗಾಂಧಿ ಚೌಕದಲ್ಲಿ ಸಂಜೆ ನಾಲ್ಕು ಜನ ಗೃಹಸ್ಥರು ಕೂಡಿದಾಗ ತಾಳಿಕೋಟೆಯ ಯುದ್ಧದ ಮಾತು ಬಂದಿತೆಂದರೆ, ರಾಮರಾಯನ ಅವಸಾನವನ್ನು ಕಣ್ಣಾರೆ ಕಂಡವರಂತೆ ವರ್ಣಿಸುವವರು ಒಬ್ಬಿಬ್ಬರಾದರೂ ಇದ್ದೇ ಇರುವರು. ಆ ವರ್ಣನೆಯಲ್ಲಿ ಇತಿಹಾಸವೆಷ್ಟು, ಕಾದಂಬರಿಯೆಷ್ಟು ಎಂಬುದನ್ನು ಬೇರ್ಪಡಿಸುವದು ಸುಲಭವಲ್ಲ. ಏಕೆಂದರೆ ಈ ಕಥೆಯನ್ನು ನಮ್ಮ ಸೀಮೆಯ ಮನೆಮನೆಗೆ ಮುಟ್ಟಿಸಿದವರಲ್ಲಿ ಅಗ್ರಗಣ್ಯರು ಇತಿಹಾಸಕಾರರಲ್ಲ, ಕಾದಂಬರಿಕಾರರಾದ ಕೈ. ಗಳಗನಾಥರು. ಅವರ ಚರಿತ್ರೆಯನ್ನು ವಾಚಕರ ಮುಂದಿಡುವದು ಉಚಿತವೆಂದು ನಾವು ಭಾವಿಸುತ್ತೇವೆ.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಇವರ ಪೂರ್ಣ ಹೆಸರು. ೧೮೬೯ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಜನಿಸಿದರು. ವರದೆಯು ತುಂಗಭದ್ರೆಯನ್ನು ಕೂಡುವ ಆ ಪುಣ್ಯಸ್ಥಳದ ಹೆಸರೇ ಮುಂದೆ ಅವರ ಹೆಸರಾಯಿತು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ತರಬೇತಿ ಹೊಂದಿ ಕನ್ನಡ ಶಾಲೆಯ ಮಾಸ್ತರರಾದರು. ಆಗಿನ ಮುಂಬಯಿ ಇಲಾಖೆಯಲ್ಲಿ ಮರಾಠಿಗಿದ್ದ ಮನ್ನಣೆ ಕನ್ನಡಕ್ಕೆ ಇರಲಿಲ್ಲ. ಕಲಿತ ಕನ್ನಡಿಗನು ಮನೋರಂಜನೆಗಾಗಿ ಮರಾಠಿ ಪುಸ್ತಕವನ್ನೇ ಕೈಗೆತ್ತಿಕೊಳ್ಳುತ್ತಿದ್ದನು. ಗಳಗನಾಥರು ಇದನ್ನು ಕಂಡು ಮರುಗಿ ಸುಮ್ಮನಾಗಲಿಲ್ಲ. ಓದುಗನನ್ನು ಸೆಳೆದ ಕಥೆಯನ್ನೇ ಕನ್ನಡಕ್ಕೆ ತರಬೇಕೆಂದು ನಿಶ್ಚಯಿಸಿದರು.

ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳು ಆಗ ಮನೆಮಾತಾಗಿದ್ದವು. ಗಳಗನಾಥರು ಅವುಗಳಲ್ಲಿ ಹಲವನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿ ಬರೆದರು. ಕಥೆ ಎರವಲಾದರೂ ಭಾಷೆ ಎರವಲಲ್ಲ. ಅದು ನಮ್ಮ ಸೀಮೆಯ ತಿಳಿಗನ್ನಡ. ನೆರೆಯವರಿಂದ ಬೀಜ ತಂದು ತನ್ನ ಹೊಲದಲ್ಲಿ ಬಿತ್ತಿದ ಒಕ್ಕಲಿಗನನ್ನು ಕಳ್ಳನೆನ್ನುವವರುಂಟೆ? ಗುಪ್ತ ಸಂಚು, ವೇಷ ಮರೆಸಿಕೊಂಡ ವೀರರು, ಅಪಾಯಕ್ಕೆ ಸಿಲುಕಿದ ಕನ್ಯೆ, ಕತ್ತಿಯ ಕಾಳಗ ಇವೆಲ್ಲ ಸೇರಿ, ದೀಪದ ಎಣ್ಣೆ ತೀರಿದರೂ ಪುಸ್ತಕ ಕೆಳಗಿಡಲು ಮನಸ್ಸಾಗದಂತೆ ಅವರು ಕಥೆ ನಡಿಸಿದರು. 'ಕಮಲಕುಮಾರಿ', 'ಕುಮುದಿನಿ', 'ಈಶ್ವರೀ ಸೂತ್ರ' ಮೊದಲಾದವು ಹೀಗೆ ಜನಪ್ರಿಯವಾದವು. ವಿಜಯನಗರದ ಸ್ಥಾಪನೆಯನ್ನು ಕುರಿತ 'ಮಾಧವ ಕರುಣಾ ವಿಲಾಸ'ವು ೧೯೨೩ರಲ್ಲಿ ಹೊರಬಂದಿತು.

ಇಷ್ಟನ್ನು ಬರೆದವರಿಗೆ ದ್ರವ್ಯಾನುಕೂಲವಿರಲಿಲ್ಲ. ಸರಕಾರಿ ನೌಕರಿಯನ್ನು ಬಿಟ್ಟು ಅಗಡಿಯ ಆನಂದವನದ ಶ್ರೀ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ೧೯೦೭ರಲ್ಲಿ ಆರಂಭವಾದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿದರು. ಮುಂದೆ 'ಸದ್ಗುರು' ಎಂಬ ಪತ್ರಿಕೆಯನ್ನೂ ನಡಿಸಿದರು. ಅಂಗಡಿಯಲ್ಲಿ ಕನ್ನಡ ಪುಸ್ತಕ ಕೇಳುವವರಿಲ್ಲವೆಂದು ಕೊರಗದೆ, ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕಾಗದದ ಬೆಲೆ, ಮುದ್ರಣದ ವೆಚ್ಚ, ಬಾರದ ವರ್ಗಣಿ ಇವುಗಳ ಭಾರವನ್ನು ಬಲ್ಲ ನಮ್ಮಂಥವರಿಗೆ ಆ ಗಂಟಿನ ತೂಕ ಎಷ್ಟೆಂಬುದು ಚೆನ್ನಾಗಿ ತಿಳಿಯುವದು. ೧೯೪೨ರಲ್ಲಿ ದೇಹವಿಟ್ಟಾಗ ಅವರು ಕೂಡಿಟ್ಟ ಆಸ್ತಿಯೆಂದರೆ ಕನ್ನಡ ಓದುಗರ ಸಮುದಾಯವೊಂದೇ. ಕಾದಂಬರಿ ಪಿತಾಮಹರೆಂಬ ಬಿರುದು ಅವರಿಗೆ ಸಲ್ಲತಕ್ಕದ್ದೇ.

ಇನ್ನು ತಾಳಿಕೋಟೆಯ ಮಾತು. ಆಪಟೆಯವರ 'ವಜ್ರಾಘಾತ'ವನ್ನು ಅನುಸರಿಸಿದ 'ಕನ್ನಡಿಗರ ಕರ್ಮಕಥೆ'ಯಲ್ಲಿ, ರಾಮರಾಯನು ಪ್ರೀತಿಸಿ ಕೈಬಿಟ್ಟ ಸ್ತ್ರೀಯ ಸಂಕಟವೂ, ತಂದೆಯನ್ನರಿಯದ ಮಗನ ದ್ವೇಷವೂ ಸಾಮ್ರಾಜ್ಯದ ನಾಶಕ್ಕೆ ಕಾರಣವಾಗುತ್ತವೆ. ಇದು ಕಲ್ಪನೆ. ೧೫೬೫ರ ಜನವರಿಯಲ್ಲಿ ಕೃಷ್ಣಾತೀರದ ರಕ್ಕಸಗಿ-ತಂಗಡಗಿಗಳ ಪರಿಸರದಲ್ಲಿ ನಡೆದ ಯುದ್ಧದ ಮೂಲ ರಾಜಕಾರಣದಲ್ಲಿದೆ. ಅದಕ್ಕೆ ಕೆಲವೇ ವರ್ಷ ಮೊದಲು ರಾಮರಾಯನು ಇದೇ ವಿಜಯಪುರದ ಅಲಿ ಆದಿಲಶಹನ ಪಕ್ಷ ವಹಿಸಿ ಅಹಮ್ಮದನಗರದ ಮೇಲೆ ದಂಡೆತ್ತಿದ್ದನು. ಒಬ್ಬರನ್ನೊಬ್ಬರ ಮೇಲೆ ಎತ್ತಿಕಟ್ಟುವ ಆ ನೀತಿಯೇ ಕಡೆಗೆ ಸುಲ್ತಾನರನ್ನು ಅವನ ವಿರುದ್ಧ ಒಂದುಗೂಡಿಸಿತು. ಈ ಸಂಗತಿಯನ್ನು ಮರೆತು ಆ ಯುದ್ಧವನ್ನು ಎರಡು ಮತಗಳ ಹೋರಾಟವೆಂದಷ್ಟೇ ಹೇಳಿ, ಇಂದು ಒಂದೇ ಓಣಿಯಲ್ಲಿ ಬಾಳುವ ನೆರೆಹೊರೆಯವರಲ್ಲಿ ವೈಮನಸ್ಯ ಹುಟ್ಟಿಸುವದು ಇತಿಹಾಸಕ್ಕೂ ನಾಡಿಗೂ ದ್ರೋಹವೆಂಬುದು ನಮ್ಮ ಮತ.

ಗಳಗನಾಥರ ಗ್ರಂಥದ ಹೆಸರನ್ನೇ ವಾಚಕರು ಲಕ್ಷಿಸಬೇಕು. ಅದು ಶತ್ರುಗಳ ದುಷ್ಟತನದ ಕಥೆಯಲ್ಲ, ಕನ್ನಡಿಗರ ಕರ್ಮದ ಕಥೆ. ಕಲ್ಪನೆಯ ಮಾರ್ಗದಿಂದ ನಡೆದರೂ ಅವರು ಬೊಟ್ಟು ಮಾಡಿ ತೋರಿಸಿದ್ದು ನಮ್ಮ ದೋಷವನ್ನೇ. ಅವರ ಕಾದಂಬರಿಯನ್ನು ಆನಂದದಿಂದ ಓದಿ, ಇತಿಹಾಸವನ್ನು ವಿವೇಕದಿಂದ ತಿಳಿದು, ಕನ್ನಡ ಪುಸ್ತಕವನ್ನು ಎರವಲು ಕೇಳದೆ ಕೊಂಡು ಓದುವದೇ ಆ ಗಂಟು ಹೊತ್ತ ಮಾಸ್ತರರಿಗೆ ನಾವು ತೀರಿಸಬಹುದಾದ ಋಣ.